ದ್ಯಾವಿ ಹೊರಗೆ

13 ಜನವರಿ 2003, ಸೋಮವಾರ

ನಮ್ಮ ಯಜಮಾನರು ಎಸ್ಟೇಟ್ ಆಫೀಸಿನಿಂದ ತಂದುಕೊಟ್ಟ ಡೈರಿ ಇದು, ಗೊಬ್ಬರದ ಕಂಪನಿಯದು. ಪ್ರತಿ ಪುಟದ ತಳದಲ್ಲೂ ಒಂದು ಗೊಬ್ಬರದ ಚೀಲದ ಚಿತ್ರ. ಹನ್ನೆರಡು ದಿನ ಬರೆಯಲು ಏನೂ ಇರಲಿಲ್ಲ. ಇವತ್ತು ಇದೆ. ನನಗೆ ಕೆಲಸ ಸಿಕ್ಕಿತು.

ಜೈಲುಗುಡ್ಡದ ಹಳೇ ಜೈಲನ್ನು ಮ್ಯೂಸಿಯಂ ಮಾಡಿ ಒಂಬತ್ತು ತಿಂಗಳಾಯಿತು. ಹಗಲು ಅಲ್ಲಿ ನೊಣ ಹೊಡೆಯಬೇಕು. ಜನ ಬರುವುದು ಸಂಜೆಗೆ. ಬಿಸಿಲೆ ಘಾಟಿ ನೋಡಿಕೊಂಡು ಹೆತ್ತೂರಿನ ಕಡೆ ವಾಪಸಾಗುವ ಕಾರಿನವರು, ತೋಟದ ಕೆಲಸ ಬಿಟ್ಟ ಮೇಲೆ ಆಳುಗಳ ಸಾಲುಮನೆಗಳಿಂದ ಲೈನಿನವರು. ಅವರಿಗೆಲ್ಲ ಜೈಲು ತೋರಿಸಿ ಕಥೆ ಹೇಳಲು ಒಬ್ಬರು ಬೇಕಿತ್ತು. ಸಾಕ್ಷರತಾ ಆಂದೋಲನದ ಕಾಲದಲ್ಲಿ ಮೂರು ವರ್ಷ ಲೈನುಗಳಿಗೆ ಹೋಗಿ ಹೆಂಗಸರಿಗೆ ಅಕ್ಷರ ಕಲಿಸಿದವಳು ನಾನು. ಗಂಗಾಮಣಿಯ ಬಾಯಿ ಜೋರು ಅಂತ ಸುತ್ತಲ ಹತ್ತು ಊರಿಗೆ ಗೊತ್ತು. ಮದುವೆಯಾದಾಗಿನಿಂದ ಬೈಸಿಕೊಂಡ ಬಾಯಿಗೆ ಈಗ ಸಂಬಳ ಬರುತ್ತದೆ ಎಂದರೆ ಯಾರಿಗೆ ಸಂತೋಷವಾಗುವುದಿಲ್ಲ?

ಮ್ಯೂಸಿಯಂ ಸಮಿತಿಯ ಅಧ್ಯಕ್ಷರು ಲಕ್ಕಪ್ಪಗೌಡರು. ಇವರು ಲೆಕ್ಕ ಬರೆಯುವ ರೈಟರ್ ಆಗಿರುವುದೂ ಅವರ ಎಸ್ಟೇಟಿನಲ್ಲೇ. ಟೈಪು ಮಾಡಿದ ನಾಲ್ಕು ಹಾಳೆ ಕೊಟ್ಟರು. ಅದರಲ್ಲಿರುವುದನ್ನೇ ಹೇಳಬೇಕು, ಸೇರಿಸಬಾರದು, ಬಿಡಬಾರದು. ಸಂಜೆ ಬಾಗಿಲು ತೆಗೆದ ಕೂಡಲೇ ಮುಂದಿನ ಕೋಣೆಯಲ್ಲಿರುವ ದೇವಿಯ ಪಟಕ್ಕೆ ದೀಪ ಹಚ್ಚುವುದೂ ನನ್ನ ಕೆಲಸ. ಹಾಗಾಗಿ ತಿಂಗಳಲ್ಲಿ ಮೂರು ದಿನ ಬರುವುದು ಬೇಡ ಎಂದು ಗೌಡರು ಗೋಡೆ ನೋಡಿಕೊಂಡು ಹೇಳಿದರು. ನಾನೂ ಗೋಡೆ ನೋಡಿಕೊಂಡು ಆಗಲಿ ಎಂದೆ.

16 ಜನವರಿ, ಗುರುವಾರ

ಹೊರಗೆ. ಜಗುಲಿಯ ಮೂಲೆ, ನನ್ನ ಚಾಪೆ, ನನ್ನ ತಟ್ಟೆ, ನನ್ನ ಲೋಟ. ಅತ್ತೆ ದೂರದಿಂದಲೇ ತಟ್ಟೆಗೆ ರೊಟ್ಟಿ ಹಾಕಿದರು. ಕೆಲಸಕ್ಕೆ ಸೇರಿ ಮೂರನೇ ದಿನಕ್ಕೇ ರಜ. ನಾಲ್ಕನೇ ದಿನ ಮಿಂದು ಒಳಗೆ.

25 ಜನವರಿ, ಶನಿವಾರ

ಹಾಳೆ ಬಾಯಿಪಾಠವಾಗಿದೆ. ಈಗ ಕಣ್ಣು ಮುಚ್ಚಿಕೊಂಡೂ ಜೈಲು ತೋರಿಸುತ್ತೇನೆ. ನಾಲ್ಕು ಕೋಣೆ, ಒಂದು ಅಂಗಳ, ಒಂದು ಅಡುಗೆಮನೆ. ಅಡುಗೆಮನೆಗೆ ಅಂಟಿಕೊಂಡು ಹೆಂಗಸರ ಕೋಣೆ. ಅದರೊಳಗೆ ನಿಂತು ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ಮುಂದಿನ ಕೋಣೆಯಲ್ಲಿ ಬೇಡಿ, ಲಾಟೀನು, ಗಾಜಿನ ಪೆಟ್ಟಿಗೆಯಲ್ಲಿ ಜೈಲಿನ ಹಳೇ ಪುಸ್ತಕ, ಗೋಡೆಯ ಮೇಲೆ ರುಮಾಲು ಸುತ್ತಿದ ಜಮಾದಾರರ ಪಟ. ಆ ಕಾಲದಲ್ಲಿ ಜೈಲು ನೋಡಿಕೊಳ್ಳುತ್ತಿದ್ದ ಈ ಜಮಾದಾರರು ಲಕ್ಕಪ್ಪಗೌಡರ ತಾತ.

ಜನ ಕಾಯುವುದು ದ್ಯಾವಿಯ ಕಥೆಗೆ. ತೋಟದ ಆಳು ದ್ಯಾವಿ, ವಯಸ್ಸು ಇಪ್ಪತ್ತೆರಡು. ಸ್ಟೋರಿನಿಂದ ಮಡಿಲಲ್ಲಿ ಕಾಫಿ ಬೀಜ ಕದ್ದಳೆಂದು 1911ರ ಡಿಸೆಂಬರಿನಲ್ಲಿ ಹದಿನೆಂಟು ತಿಂಗಳ ಸಜಾ. ಇಲ್ಲಿ ಅಡುಗೆಗೆ ಜನ ಬೇಕಿತ್ತು, ದೊಡ್ಡ ಜೈಲಿಗೆ ಕಳಿಸದೆ ಇಟ್ಟುಕೊಂಡರು. ಆಮೇಲೆ ನೋಡಿ ಮಜ. ಅವಳು ಏಳು ಸಲ ಈ ಜೈಲಿನಿಂದ ಮಾಯವಾದಳು. ಏಳು ಸಲವೂ ಮೂರು ದಿನಕ್ಕೆ ತಾನಾಗಿಯೇ ವಾಪಸು ಬಂದಳು. ಪುರಾವೆ ಬೇಕೇ? ಪುಸ್ತಕದ ಆ ಪುಟವನ್ನು ದೊಡ್ಡದು ಮಾಡಿ ಗೋಡೆಗೆ ಹಾಕಿದ್ದಾರೆ. ಜೈಲಿನ ಗುಮಾಸ್ತನ ಕೈಬರಹ: "ದ್ಯಾವಿ ಹೊರಗೆ."

ಇಲ್ಲಿ ನಾನು ದನಿ ತಗ್ಗಿಸುತ್ತೇನೆ. ಕಾರಿನವರು ಉಸಿರು ಬಿಗಿಹಿಡಿಯುತ್ತಾರೆ. ಇವತ್ತು ಮಾತ್ರ ಲೈನಿನ ಕಮಲಮ್ಮ, ನನ್ನ ಹತ್ತಿರವೇ ಅಕ್ಷರ ಕಲಿತವಳು, ಕಥೆಯ ನಡುವೆ ಬಾಯಿ ಹಾಕಿದಳು. "ಅಲ್ಲ ಮೇಡಂ, ತಪ್ಪಿಸ್ಕಂಡು ಹೋದೋಳು ಯಾಕೆ ವಾಪಸ್ ಬಂದ್ಳು? ಇಲ್ಲೇನು ಹಬ್ಬದೂಟ ಇತ್ತಾ?"

ಎಲ್ಲರೂ ನಕ್ಕರು. ಹಾಳೆಯಲ್ಲಿ ಉತ್ತರ ಇರಲಿಲ್ಲ. ನಾನೂ ನಕ್ಕು ಬೇಡಿ ತೋರಿಸಲು ಕರೆದುಕೊಂಡು ಹೋದೆ. ಸಿಟ್ಟು ಬಂದದ್ದು ಅವಳ ಮೇಲಲ್ಲ, ನನಗೆ ಆ ಪ್ರಶ್ನೆ ಹೊಳೆಯಲಿಲ್ಲವಲ್ಲ ಎಂದು.

16 ಫೆಬ್ರವರಿ, ಭಾನುವಾರ

ಇವತ್ತು ಬೆಳಿಗ್ಗೆ ಮಿಂದು, ಸಂಜೆ ಕೆಲಸಕ್ಕೆ ಹೋದೆ. ಸಹಿ ಹಾಕಲು ಹಾಜರಿ ಪುಸ್ತಕ ತೆಗೆದರೆ, ನಾನು ಬಾರದ ಮೂರು ದಿನದ ಎದುರು ವಾಚ್‌ಮನ್ ಚಲುವಯ್ಯ ಬರೆದಿದ್ದಾನೆ: "ಗಂಗಾಮಣಿ ಹೊರಗೆ."

ಸಹಿ ಹಾಕಲಿಲ್ಲ, ಪೆನ್ನು ಹಿಡಿದು ನಿಂತೇ ಬಿಟ್ಟೆ. ಆಮೇಲೆ ಗೋಡೆಯ ದೊಡ್ಡ ಪುಟ ನೋಡಿದೆ. ಆಮೇಲೆ ಮತ್ತೆ ಹಾಜರಿ ಪುಸ್ತಕ ನೋಡಿದೆ. ಹೊರಗೆ, ಮೂರು ದಿನ. ಹೊರಗೆ, ಮೂರು ದಿನ.

ಗಾಜು ಒರೆಸಬೇಕು ಎಂದು ಚಲುವಯ್ಯನ ಹತ್ತಿರ ಪೆಟ್ಟಿಗೆಯ ಬೀಗದ ಕೈ ಇಸಿದುಕೊಂಡೆ. ಅದು ಅಡುಗೆಯ ಲೆಕ್ಕದ ಪುಸ್ತಕ, ದಿನಕ್ಕೊಂದು ಸಾಲು. "ಅಡುಗೆ: ದ್ಯಾವಿ. ಗಂಡಸು 9, ಹೆಂಗಸು 1." ಇಪ್ಪತ್ತೈದು ದಿನ ಹೀಗೇ. ಆಮೇಲೆ ಮೂರು ದಿನ, "ದ್ಯಾವಿ ಹೊರಗೆ. ಅಡುಗೆ: ಕೈದಿ ಸಿದ್ದ. ಗಂಡಸು 9, ಹೆಂಗಸು 1." ಮತ್ತೆ ಇಪ್ಪತ್ತೈದು ದಿನ ದ್ಯಾವಿಯ ಅಡುಗೆ. ಅವಳು ಓಡಿಹೋಗಿದ್ದರೆ ಹೆಂಗಸು 1 ಎಲ್ಲಿಂದ ಬರಬೇಕು? ಅವಳು ಎಲ್ಲಿಗೂ ಹೋಗಿಲ್ಲ. ಮುಟ್ಟಾಗಿದ್ದಾಳೆ, ಒಲೆಯ ಹತ್ತಿರ ಸೇರಿಸಿಲ್ಲ. ಅಷ್ಟೇ.

ಇದನ್ನು ಓದಲು ಬೆಂಗಳೂರಿನಿಂದ ಪಂಡಿತರನ್ನು ಕರೆಸಿದ್ದರಂತೆ. ನನ್ನ ಅತ್ತೆ ಕೆಂಚಮ್ಮನವರಿಗೆ ಒಂದಕ್ಷರ ಬಾರದು, ಅವರನ್ನು ಕೇಳಿದ್ದರೆ ಸಾಕಿತ್ತು. ನಗು ತಡೆಯಲಾಗಲಿಲ್ಲ. ಹತ್ತು ತಿಂಗಳಿಂದ ಕಂಡಕಂಡ ಊರಿನವರೆಲ್ಲ ಬಂದು ಒಬ್ಬ ಹೆಂಗಸಿನ ಮುಟ್ಟಿನ ದಿನಗಳಿಗೆ ಚಪ್ಪಾಳೆ ತಟ್ಟಿ ಹೋಗಿದ್ದಾರೆ. ತಟ್ಟಿಸಿದವರಲ್ಲಿ ನಾನೂ ಒಬ್ಬಳು.

ಏಳು ಎಣಿಸಿದೆ. ಡಿಸೆಂಬರಿನಿಂದ ಜೂನಿನವರೆಗೆ. ಎಂಟನೆಯದು ಹುಡುಕಿದೆ. ಜುಲೈನಲ್ಲಿ ಇಲ್ಲ. ಆಗಸ್ಟಿನಲ್ಲಿ ಇಲ್ಲ. ಅಷ್ಟರಲ್ಲಿ ಕಾರೊಂದು ಬಂತು. ಪೆಟ್ಟಿಗೆ ಮುಚ್ಚಿದೆ. ನಗು ಯಾವಾಗ ನಿಂತಿತೋ ಗೊತ್ತಿಲ್ಲ.

19 ಫೆಬ್ರವರಿ, ಬುಧವಾರ

ಇವತ್ತು ಜನ ಕಡಿಮೆ. ಪುಸ್ತಕದಿಂದ ಇಳಿಸಿಕೊಂಡದ್ದನ್ನು ಇಲ್ಲಿ ಬರೆದಿಡುತ್ತೇನೆ, ಒಂದಕ್ಷರ ಆಚೀಚೆ ಮಾಡದೆ.

1912 ಜುಲೈನಿಂದ 1913 ಮಾರ್ಚಿನವರೆಗೆ ದಿನವೂ "ಅಡುಗೆ: ದ್ಯಾವಿ." ಒಂದು ದಿನವೂ ಹೊರಗೆ ಇಲ್ಲ.
1913 ಮಾರ್ಚ್ 21: "ಅಡುಗೆ: ಕೈದಿ ಸಿದ್ದ. ಗಂಡಸು 9, ಹೆಂಗಸು 1."
1913 ಮಾರ್ಚ್ 22: "ಅಡುಗೆ: ಕೈದಿ ಸಿದ್ದ. ಗಂಡಸು 9, ಹೆಂಗಸು 1, ಕೂಸು 1."
ಪುಸ್ತಕದ ಮೊದಲ ಪುಟದಲ್ಲಿ: "ಹೆಂಗಸರ ಕೋಣೆಯ ಬೀಗದ ಕೈ ಜಮಾದಾರರ ವಶ. ಬೇರೆ ಯಾರಿಗೂ ಕೊಡತಕ್ಕದ್ದಲ್ಲ."
1913 ಜೂನ್ 11: "ದ್ಯಾವಿ ಕೂಸು ಸಮೇತ ಬಿಡುಗಡೆ. ಗಂಡಸು 9."

ಒಂದೂವರೆ ವರ್ಷ ಆ ಬಾಗಿಲಿನಿಂದ ಆಚೆ ಕಾಲಿಡದ ಹೆಂಗಸು. ಹೊರಗಿನಿಂದ ಒಬ್ಬರೂ ಬರದೆ ಜೈಲಿನ ಲೆಕ್ಕ ಒಂದು ಹೆಚ್ಚಾಯಿತು. ಗುಮಾಸ್ತ ಒಂದು ಮಾತೂ ಹೆಚ್ಚಿಗೆ ಬರೆಯಲಿಲ್ಲ. ಸುಳ್ಳನ್ನೂ ಬರೆಯಲಿಲ್ಲ, ಪುಣ್ಯಾತ್ಮ.

ಇವತ್ತು ದ್ಯಾವಿಯ ಕಥೆ ಹೇಳಲಿಲ್ಲ. ಕೇಳಿದವರಿಗೆ ಗಂಟಲು ಕಟ್ಟಿದೆ ಎಂದೆ. ನನ್ನ ಗಂಟಲು ಹುಟ್ಟಿದಾಗಿನಿಂದ ಕಟ್ಟಿದ್ದಿಲ್ಲ.

22 ಫೆಬ್ರವರಿ, ಶನಿವಾರ

ಗೌಡರಿಗೆ ಹೇಳಿದೆ. ಅವರು ಕೂಗಾಡುತ್ತಾರೆ ಎಂದುಕೊಂಡಿದ್ದೆ, ಕುರ್ಚಿ ಕೊಟ್ಟು ಕಾಫಿ ತರಿಸಿದರು. ಪೂರ್ತಿ ಕೇಳಿಸಿಕೊಂಡರು. ಕೇಳುವಾಗ ಒಂದು ಸಲ ತಾತನ ಪಟದ ಕಡೆ ನೋಡಿದರು, ಮತ್ತೆ ನೋಡಲಿಲ್ಲ.

"ನೀವು ಹೇಳೋದು ಇರಬಹುದು ಗಂಗಾಮಣಿ. ಇಲ್ಲ ಅನ್ನಲ್ಲ. ಆದ್ರೆ ಇದು ಹೆಂಗಸ್ರು ಮಕ್ಳು ಕೂತು ಕೇಳೋ ಮಾತಾ? ಏಳು ಸಲ ತಪ್ಪಿಸ್ಕೊಂಡ ಗಟ್ಟಿಗಿತ್ತಿ ಅಂದ್ರೆ ಅವಳಿಗೂ ಮರ್ಯಾದೆ ಅಲ್ವಾ?"

ಒಂದು ಗಳಿಗೆ ಹೌದಲ್ಲ ಅನ್ನಿಸಿಬಿಟ್ಟಿತು. ಮಾತು ಅಷ್ಟು ನಯ. ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು: ಮರ್ಯಾದೆ ಉಳಿಯುವುದು ಅವಳದಲ್ಲ. ಏಳು ಸಲ ಜೈಲಿನಿಂದ ಆಚೆ ಹೋಗಿ ಬಂದವಳು ಬಸುರಾದರೆ ಯಾರೂ ಜಮಾದಾರನನ್ನು ಕೇಳುವುದಿಲ್ಲ.

24 ಫೆಬ್ರವರಿ, ಸೋಮವಾರ

ಗಾಜಿನ ಪೆಟ್ಟಿಗೆ ಖಾಲಿ. ಪುಸ್ತಕಕ್ಕೆ ಗೆದ್ದಲು ಹಿಡಿಯುತ್ತದೆಂದು ಗೌಡರು ಮನೆಗೆ ತೆಗೆದುಕೊಂಡು ಹೋದರಂತೆ. ತೊಂಬತ್ತು ವರ್ಷ ಬಾರದ ಗೆದ್ದಲು ಎರಡು ದಿನದಲ್ಲಿ ಬಂತು.

ಈಗ ಅದರ ನಕಲು ಇರುವುದು ಈ ಗೊಬ್ಬರದ ಡೈರಿಯಲ್ಲಿ ಮಾತ್ರ. ಇದನ್ನು ಅಕ್ಕಿಯ ಡ್ರಮ್ಮಿನೊಳಗೆ ಇಡುತ್ತಿದ್ದೇನೆ.

13 ಮಾರ್ಚ್, ಗುರುವಾರ

ಹೊರಗೆ. ಚಾಪೆಯ ಮೇಲೆ ಕೂತು ಅತ್ತೆಗೆ ದ್ಯಾವಿಯ ವಿಚಾರ ಪೂರ್ತಿ ಹೇಳಿದೆ. ಅವರು ಹೊಸ್ತಿಲ ಒಳಗೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಏಳು ತಿಂಗಳ ಲೆಕ್ಕ ಹೇಳುವಷ್ಟರಲ್ಲೇ ಅವರಿಗೆ ಗೊತ್ತಾಯಿತು. ಎಂಟನೇ ತಿಂಗಳು ನಿಂತಿತು ಎಂದೆ. ಬಿಡಿಸುತ್ತಿದ್ದ ಕೈ ನಿಂತಿತು.

"ಯಾವನು?" ಅಂದರು.

ಬೀಗದ ಕೈ ಯಾರ ಹತ್ತಿರ ಇತ್ತೆಂದು ಹೇಳಿದೆ. ಅವರು ಮೊರವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ಒಳಗಿದ್ರೂ ಹೊರಗೆ ಕೂರ್ಸವ್ರೆ. ಆ ಮೂರು ದಿನವಾದ್ರೂ ಅವನು ಹತ್ರ ಬಂದಿರಾಕಿಲ್ಲ. ಅಷ್ಟೇ ಅವ್ಳಿಗೆ ಸಿಕ್ಕಿದ್ದು ರಜ," ಅಂದರು.

ಆ ಮೂರು ದಿನವನ್ನು ನಾನು ಹೀಗೆ ಯೋಚಿಸಿರಲಿಲ್ಲ. ಮಧ್ಯಾಹ್ನ ಅತ್ತೆ ರೊಟ್ಟಿ ಹಾಕುವಾಗ ಹೊಸ್ತಿಲು ದಾಟಿ ಬಂದು ತಟ್ಟೆಯ ಪಕ್ಕದಲ್ಲೇ ಕೂತರು. ಎದ್ದು ಹೋಗಿ ಮೈಮೇಲೆ ನೀರು ಹಾಕಿಕೊಂಡರು, ಅದು ಬೇರೆ ಮಾತು.

14 ಮಾರ್ಚ್, ಶುಕ್ರವಾರ

ಹೆತ್ತೂರಿನ ಕಡೆಯ ಎಸ್ಟೇಟಿನಿಂದ ಒಂದು ಗಾಡಿ ಲೈನಿನ ಹೆಂಗಸರು ಬರುವವರಿದ್ದರು. ಅವರಿಗೆ ಬೇರೆ ಯಾರೋ ಮಾಯಗಾತಿಯ ಕಥೆ ಹೇಳುವುದನ್ನು ನನ್ನಿಂದ ಸಹಿಸಲಾಗಲಿಲ್ಲ. ಹೋದೆ. ಚಲುವಯ್ಯ ಹಾಜರಿಯಲ್ಲಿ ಆಗಲೇ ಬರೆದುಬಿಟ್ಟಿದ್ದ, ಈಗ ಏನು ಮಾಡಲಿ ಎಂದ. ಹೊಡೆದುಹಾಕಿ ಹಾಜರು ಎಂದು ಬರಿ ಎಂದೆ. ದೀಪ ಅವನೇ ಹಚ್ಚಿದ.

ಕಥೆ ಹೇಳಿದೆ, ಹಾಳೆಯದಲ್ಲ. ಏಳು ತಿಂಗಳವರೆಗೆ ಹೇಳಿ ಹೆಂಗಸು 1 ತೋರಿಸಿ ನಿಲ್ಲಿಸಿದೆ. ಹೆಂಗಸರು ಮೊದಲು ಒಬ್ಬರನ್ನೊಬ್ಬರು ನೋಡಿದರು, ಆಮೇಲೆ ಸೆರಗು ಬಾಯಿಗಿಟ್ಟು ಬಿದ್ದು ಬಿದ್ದು ನಕ್ಕರು. ಮುಂದಿನದು ಹೇಳಲು ಇವತ್ತು ಧೈರ್ಯ ಸಾಲಲಿಲ್ಲ. ಸುಳ್ಳೇಕೆ.

22 ಮಾರ್ಚ್, ಶನಿವಾರ

ಕೂಸು ಹುಟ್ಟಿ ಇವತ್ತಿಗೆ ತೊಂಬತ್ತು ವರ್ಷ.

ಗೌಡರಿಗೆ ಸುದ್ದಿ ಮುಟ್ಟಿದೆ. ನನ್ನನ್ನು ಕರೆಯಲಿಲ್ಲ, ಇವರನ್ನು ಕರೆದರು. ಇವರು ಮನೆಗೆ ಬಂದು ಅಂಗಿ ಬಿಚ್ಚದೆ ಕೂತರು. ನಮ್ಮ ಕೆಲಸ ಒಂದೇ ಕೈಯಲ್ಲಿ ಇದೆ, ನಿನ್ನದೂ ನನ್ನದೂ, ಹುಷಾರು ಎಂದರು. ಏಪ್ರಿಲ್ 12ಕ್ಕೆ ಮ್ಯೂಸಿಯಂ ಶುರುವಾಗಿ ಒಂದು ವರ್ಷ. ಆವತ್ತು ದ್ಯಾವಿ ಗೋಡೆಯೊಳಗಿಂದ ಪಾರಾಗುವ ಹಾಗೆ ಬಣ್ಣದ ಬೆಳಕು ಬಿಡುತ್ತಾರಂತೆ. ದೊಡ್ಡವರೆಲ್ಲ ಬರುತ್ತಾರೆ. ಮೈಕಿನಲ್ಲಿ ಕಥೆ ನಾನೇ ಹೇಳಬೇಕು, ಹಾಳೆಯಲ್ಲಿರುವ ಹಾಗೆ. ಹೇಳಿದರೆ ಕೆಲಸ ಖಾಯಂ. ಇಲ್ಲವಾದರೆ ಇಬ್ಬರೂ ಬೇರೆ ಕಡೆ ನೋಡಿಕೊಳ್ಳಬಹುದು.

ಇವರ ಮೇಲೆ ಸಿಟ್ಟು ಬಂತು, ಪಾಪವೂ ಅನ್ನಿಸಿತು. ಹದಿನಾರು ವರ್ಷ ಒಂದೇ ಸ್ಟೋರಿನಲ್ಲಿ ಬೇರೆಯವರ ಮೂಟೆ ಬರೆದುಕೊಂಡ ಮನುಷ್ಯ.

27 ಮಾರ್ಚ್, ಗುರುವಾರ

ಗೌಡರ ಹತ್ತಿರ ನಾನೇ ಹೋದೆ. ಏಪ್ರಿಲ್ 12ಕ್ಕೆ ನಾನು ಕಥೆ ಹೇಳುತ್ತೇನೆ ಎಂದೆ. ಸಂತೋಷಪಟ್ಟರು. ಲೈನಿನವರನ್ನೂ ಕರೆಯಬಹುದೇ ಎಂದೆ. ಜನ ತುಂಬಿರಲಿ, ಕರೀರಿ ಎಂದರು. ಈ ಸಲ ಗೋಡೆ ನೋಡಲಿಲ್ಲ, ಅವರ ಮುಖವನ್ನೇ ನೋಡಿಕೊಂಡು ಮಾತಾಡಿದೆ.

10 ಏಪ್ರಿಲ್, ಗುರುವಾರ

ಬೆಳಿಗ್ಗೆಯಿಂದ ಹೊಟ್ಟೆನೋವು, ಸೊಂಟನೋವು. ಜೀರಿಗೆ ಕಷಾಯ ಕುಡಿದು ರೊಟ್ಟಿ ತಟ್ಟಿದೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದರು, ಏನೋ ಹೇಳಲು ಬಂದವರು ಹೇಳದೆ ಹೋದರು. ಸಂಜೆ ಮೂರು ಲೈನು ಸುತ್ತಿ ಬಂದೆ. ಕಮಲಮ್ಮ ಎಲ್ಲರನ್ನೂ ಕರೆತರುತ್ತಾಳೆ. ಹೂಮಳೆ ಬಿದ್ದು ಕಾಫಿ ಹೂವರಳಿ ತೋಟವೆಲ್ಲ ಬೆಳ್ಳಗಿದೆ, ಆ ವಾಸನೆಗೆ ತಲೆ ಹಗುರವಾಯಿತು.

12 ಏಪ್ರಿಲ್, ಶನಿವಾರ

ಎಲ್ಲ ನೆನಪಿರುವಾಗಲೇ ಬರೆಯಬೇಕು.

ನಾಲ್ಕೂವರೆಗೆ ಹೋಗಿ ಬಾಗಿಲು ತೆಗೆಸಿದೆ, ದೀಪ ಹಚ್ಚಿದೆ, ಮುಂದಿನ ಕೋಣೆಯ ಬಾಗಿಲಿಗೆ ಎದುರಾಗಿ ಅಂಗಳದಲ್ಲಿ ಕುರ್ಚಿ ಹಾಕಿಸಿದೆ. ಮುಂದಿನ ಸಾಲಿನಲ್ಲಿ ದೊಡ್ಡವರು, ಹಿಂದೆ ಕಾರಿನವರು, ಅಂಗಳದ ತುಂಬ ಲೈನಿನ ಹೆಂಗಸರು. ಅವರ ನಡುವೆ ಅತ್ತೆ. ಬರುತ್ತೇನೆಂದು ನನಗೆ ಹೇಳಿರಲಿಲ್ಲ. ಇವರು ಕಂಬದ ಹಿಂದೆ.

ಬೆಳಕು ಬಿಟ್ಟರು. ಸೀರೆಯುಟ್ಟ ನೆರಳೊಂದು ಗೋಡೆಯೊಳಗೆ ಹೊಕ್ಕು ಮಾಯವಾಯಿತು. ಚಪ್ಪಾಳೆ. ನಾನು ಮೈಕು ಹಿಡಿದು ಹೇಳಿದೆ, ದ್ಯಾವಿ ಎಲ್ಲಿಗೂ ಹೋಗಲಿಲ್ಲ ಎಂದು. ಗೋಡೆಯ ಮೇಲಿನ ಪುಟ ಓದಿ ಎಂದೆ. ಹೊರಗೆ ಎಂದು ಬರೆದ ಸಾಲಿನಲ್ಲೇ ಹೆಂಗಸು 1 ಎಂದೂ ಇದೆ.

ಗೌಡರು ಎದ್ದು ನಗುತ್ತಲೇ ಜನರ ಕಡೆ ತಿರುಗಿದರು. ನಮ್ಮ ಗಂಗಾಮಣಿಗೆ ಗಡಿಬಿಡಿಯಲ್ಲಿ ಹಾಳೆ ಹೆಚ್ಚುಕಡಿಮೆ ಆಗಿದೆ, ಹೊರಗೆ ಎಂದರೆ ಹೊರಗೆ ಹೋದಳು ಎಂದೇ ಅರ್ಥ, ಓದಿದವರು ತೀರ್ಮಾನ ಮಾಡಿದ್ದಾರೆ ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಎದ್ದು ನಿಂತರು. ಎಪ್ಪತ್ತು ವರ್ಷದವರು, ಮೈಕು ಬೇಕಾಗಲಿಲ್ಲ.

"ಗೌಡ್ರೇ, ನಿಮ್ಮವ್ವ ಬದುಕಿದ್ದಿದ್ರೆ ನಿಮ್ಗೆ ಹೇಳೋರು. ಹೊರಗೆ ಅಂದ್ರೆ ಓಡೋಗೋದಲ್ಲ ಕಣ್ರೀ. ನನ್ ಸೊಸೆ ಇವತ್ತು ಹೊರಗೆ, ಮೂರನೇ ದಿನ. ಎಲ್ಲಿಗೆ ಓಡೋಗವ್ಳೆ? ನಿಮ್ ಮುಂದೇನೇ ನಿಂತವ್ಳಲ್ಲ."

ಗೌಡರ ಕಣ್ಣು ನನ್ನ ಮೇಲಿಂದ ದೇವಿಯ ಮುಂದಿನ ದೀಪದ ಕಡೆಗೆ ಹೋಯಿತು. ಅದನ್ನು ಹಚ್ಚಿದವಳು ನಾನೇ ಎಂದು ಆಗಲೇ ನನಗೂ ನೆನಪಾದದ್ದು. ದೀಪ ಚೆನ್ನಾಗಿಯೇ ಉರಿಯುತ್ತಿತ್ತು.

ಮೊದಲು ನಕ್ಕವಳು ಕಮಲಮ್ಮ. ಆಮೇಲೆ ಲೈನಿನ ಹೆಂಗಸರೆಲ್ಲ. ಆ ನಗು ನಿಲ್ಲುವವರೆಗೆ ಕಾದು, ಚೀಲದಿಂದ ಈ ಡೈರಿ ತೆಗೆದೆ. ಜುಲೈ, ಹೊರಗೆ ಇಲ್ಲ, ಎಂದು ಓದಿದೆ. ಆಗಸ್ಟ್, ಇಲ್ಲ. ಸೆಪ್ಟೆಂಬರ್, ಇಲ್ಲ. ಅಷ್ಟರಲ್ಲಿ ಮೈಕು ಸತ್ತಿತು. ಯಾರೋ ವಯರು ಕಿತ್ತಿದ್ದರು. ನನ್ನ ಬಾಯಿಗೆ ವಯರಿಲ್ಲ. ಅಕ್ಟೋಬರ್, ಇಲ್ಲ. ಹೆಂಗಸರು ಬೆರಳು ಮಡಿಸುತ್ತಿದ್ದರು. ಜನವರಿಗೆ ಬರುವಾಗ ನನ್ನ ಜೊತೆ ಅವರೂ ಹೇಳುತ್ತಿದ್ದರು, ಇಲ್ಲ, ಇಲ್ಲ. ಮಾರ್ಚ್ 22, ಗಂಡಸು 9, ಹೆಂಗಸು 1, ಕೂಸು 1 ಎಂದು ಓದಿದೆ. ಬೀಗದ ಕೈ ಜಮಾದಾರರ ವಶ ಎಂದು ಓದಿದೆ. ಬಿಡುಗಡೆಯ ಸಾಲು ಓದಿ ಡೈರಿ ಮುಚ್ಚಿದೆ.

ಜಮಾದಾರರ ಪಟದ ಕಡೆ ನಾನು ಕೈ ತೋರಿಸಲಿಲ್ಲ. ಜನ ತಾವೇ ತಿರುಗಿ ನೋಡಿದರು. ಗೌಡರೂ ನೋಡಿದರು. ಅವರ ಮುಖ ನೋಡಿ ಅಯ್ಯೋ ಅನ್ನಿಸಿತು, ಅದನ್ನೂ ಬರೆಯುತ್ತೇನೆ. ಆದರೆ ಓದಿದ್ದು ತಪ್ಪು ಅನ್ನಿಸಲಿಲ್ಲ.

14 ಏಪ್ರಿಲ್, ಸೋಮವಾರ

ಮ್ಯೂಸಿಯಂ ಗೇಟಿಗೆ ಬೀಗ. ದುರಸ್ತಿಗಾಗಿ ಮುಚ್ಚಲಾಗಿದೆ ಎಂದು ಬೋರ್ಡು. ನಾನು ಇನ್ನು ಬರಬೇಕಿಲ್ಲವಂತೆ. ಇವರಿಗೆ ಒಂದು ವಾರ ರಜ ಹಾಕಿ ಎಂದಿದ್ದಾರೆ, ಆಮೇಲೆ ಏನೋ ಗೊತ್ತಿಲ್ಲ. ರಜದ ಮೊದಲ ದಿನವೇ ಇವರು ಮಾಡಿದ ಕೆಲಸ ಇದು: ನನ್ನ ಡೈರಿಯ ಆ ಪುಟವನ್ನು ಸ್ಟೋರಿನ ಉದ್ದ ಹಾಳೆಗಳ ಮೇಲೆ ತಮ್ಮ ದುಂಡು ಅಕ್ಷರದಲ್ಲಿ ಹನ್ನೆರಡು ಪ್ರತಿ ಬರೆದರು. ಏಕೆ ಎಂದೆ. ಅಕ್ಕಿ ಡ್ರಮ್ಮಿಗೂ ಗೆದ್ದಲು ಬರಬಹುದು ಎಂದರು. ಮದುವೆಯಾದ ಮೇಲೆ ಇವರು ಮಾಡಿದ ಮೊದಲ ತಮಾಷೆ.

ಚಲುವಯ್ಯ ಸಿಕ್ಕಿದ್ದ. ಹಾಜರಿಯಲ್ಲಿ ನನ್ನ ಹೆಸರಿನ ಎದುರು ಏನಾದರೂ ಬರೆಯಬೇಕಿತ್ತಲ್ಲ, "ಗಂಗಾಮಣಿ ಹೊರಗೆ" ಎಂದು ಬರೆದಿದ್ದಾನಂತೆ. "ಯಾವ ಹೊರಗೆ ಅಂತ ಮುಂದೆ ಓದೋರು ತಲೆ ಕೆರ್ಕಳ್ಳಿ ಬಿಡವ್ವ," ಎಂದ.

19 ಏಪ್ರಿಲ್, ಶನಿವಾರ

ಸಂಜೆ ನಾಲ್ಕೂವರೆಗೆ ಕಾಲು ತಾವೇ ಜೈಲುಗುಡ್ಡದ ಕಡೆ ಹೊರಟವು. ಗೇಟಿನ ಎದುರು ಕಲ್ಲಿನ ಮೆಟ್ಟಿಲ ಮೇಲೆ ಕಮಲಮ್ಮ ಕೂತಿದ್ದಳು, ಅವಳ ಹಿಂದೆ ಅವಳ ಲೈನು, ಅದರ ಹಿಂದೆ ಹೆತ್ತೂರಿನ ಕಡೆಯವರು. ಬಿಸಿಲೆಯಿಂದ ಬಂದ ಎರಡು ಕಾರು ನಿಂತವು. ಚಲುವಯ್ಯ ಗೇಟಿನ ಒಳಗಿದ್ದುಕೊಂಡೇ ಕೇಳಿದ. ಅತ್ತೆ ಮೆಟ್ಟಿಲ ಮೇಲೆ ಸೆರಗು ಹಾಸಿ ಯಾರದೋ ಮಗುವನ್ನು ಮಲಗಿಸಿಕೊಂಡರು.

ಕಥೆ ಹೇಳಿದೆ. ಮೊದಲಿನಿಂದ ಕೊನೆಯವರೆಗೆ, ಕೂಸು ಸಮೇತ. ಹೇಳಿ ಮುಗಿಸಿ, ಪುಸ್ತಕದಲ್ಲಿ ಗುಮಾಸ್ತ ಮಾಡುತ್ತಿದ್ದ ಹಾಗೆ ತಲೆ ಎಣಿಸಿಕೊಂಡು ಬಂದೆ.

ಗಂಡಸು 6, ಹೆಂಗಸು 34, ಕೂಸು 3. ಎಲ್ಲರೂ ಹೊರಗೆ.